ಸಂಘ, ಮಾತು ಮತ್ತು ಸಮಾನತೆ: ಕೊಳ್ಳೇಗಾಲ–ಹನೂರು ಸೀಮೆಯ ಹಿನ್ನೆಲೆಯಲ್ಲಿ ಮಹಿಳಾ ಸಮಖ್ಯಾ

ಶಿಕ್ಷಣ ಮತ್ತು ದುಡಿಮೆಯ ನೆಲೆಗಳಲ್ಲಿ ಲಿಂಗ ಸಮಾನತೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ದಾಖಲಾತಿ, ಸಾಕ್ಷರತೆ, ಕೂಲಿಯ ದರ ಮೊದಲಾದ ಅಂಕಿಅಂಶಗಳ ಸುತ್ತ ನಡೆಯುತ್ತದೆ. ಇವುಗಳ ಹಿಂದೆ ಇನ್ನೊಂದು ಪ್ರಶ್ನೆಯಿದೆ. ಹೆಣ್ಣು ತನ್ನ ಅಗತ್ಯವನ್ನು ತಾನೇ ನುಡಿಯಲು ಊರಿನಲ್ಲಿ ಒಂದು ತಾಣವಿದೆಯೇ ಎಂಬುದೇ ಆ ಪ್ರಶ್ನೆ. ಅದನ್ನು ಮುಖ್ಯವಾಗಿಸಿಕೊಂಡ ಮಹಿಳಾ ಸಮಖ್ಯಾ ಕಾರ್ಯಕ್ರಮದ ಸ್ವರೂಪವನ್ನೂ ಅದು ನಿಂತುಹೋದುದರಿಂದ ಉಂಟಾದ ಕೊರತೆಯನ್ನೂ ಮಾರ್ಟಳ್ಳಿಯಂಥ ಗಡಿಗ್ರಾಮಗಳಿರುವ ಕೊಳ್ಳೇಗಾಲ–ಹನೂರು ಸೀಮೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಹಿನ್ನೆಲೆ

ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೂ 1997ರಲ್ಲಿ ಹೊಸದಾಗಿ ರಚನೆಯಾದ ಚಾಮರಾಜನಗರ ಜಿಲ್ಲೆಗೂ ಸೇರಿತು. ಮಾರ್ಟಳ್ಳಿ ಈಗ ಹನೂರು ತಾಲ್ಲೂಕಿನಲ್ಲಿದೆ. ತಮಿಳನ್ನು ಮನೆಮಾತಾಗಿ ಉಳ್ಳ ಕ್ರೈಸ್ತ ಕುಟುಂಬಗಳು ಇಲ್ಲಿ ಬಹುಸಂಖ್ಯೆಯಲ್ಲಿವೆ. ಶಾಲೆ, ಪಂಚಾಯಿತಿ, ಕಚೇರಿಗಳ ವ್ಯವಹಾರ ಕನ್ನಡದಲ್ಲಿ ನಡೆಯುತ್ತದೆ. ಹೀಗಾಗಿ ಓದುಬರಹ ಬಾರದ ಹೆಣ್ಣಿಗೆ ಅಕ್ಷರವೊಂದೇ ಅಲ್ಲ, ಅಧಿಕೃತ ಭಾಷೆಯೂ ತೊಡಕಾಗುತ್ತದೆ. ತನ್ನ ಅಹವಾಲನ್ನು ಹೇಳಲು ಆಕೆ ಇನ್ನೊಬ್ಬರನ್ನು ಅವಲಂಬಿಸಬೇಕಾಗುತ್ತದೆ. 2011ರ ಜನಗಣತಿಯಂತೆ ಚಾಮರಾಜನಗರ ಜಿಲ್ಲೆಯ ಸ್ತ್ರೀ ಸಾಕ್ಷರತೆ ಶೇಕಡಾ 55ರಷ್ಟು. ರಾಜ್ಯದ ಸ್ತ್ರೀ ಸಾಕ್ಷರತೆ ಶೇಕಡಾ 68ರಷ್ಟು.

ಈ ಸೀಮೆಯ ಮೌಖಿಕ ಪರಂಪರೆ ಹೆಣ್ಣಿನ ಮಾತನ್ನು ಅರಿಯದುದೇನೂ ಅಲ್ಲ. ಮಲೆಯ ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲಿನಲ್ಲಿ, ಕಾಡಿಗೆ ಹೊರಟ ಗಂಡ ನೀಲೇಗೌಡ ತನ್ನ ಅಗಲಿಕೆಯ ಕಾಲದ ಪಾತಿವ್ರತ್ಯಕ್ಕೆ ಭಾಷೆ ಕೊಡುವಂತೆ ಸಂಕಮ್ಮನನ್ನು ಒತ್ತಾಯಿಸುತ್ತಾನೆ. ಆಕೆ ನಿರಾಕರಿಸುತ್ತಾಳೆ, ಅದಕ್ಕಾಗಿ ಘೋರ ಹಿಂಸೆಗೆ ಗುರಿಯಾಗುತ್ತಾಳೆ. ಆಗ ಆಕೆಯ ನೆರವಿಗೆ ಬರುವವನು ಮಾದಪ್ಪ. ನಿರಾಕರಣೆಯ ಧೈರ್ಯವನ್ನು ಕಾವ್ಯ ಎತ್ತಿ ಹಿಡಿದಿದೆ. ಆದರೆ ನಿರಾಕರಿಸುವ ಹೊತ್ತಿನಲ್ಲಿ ಸಂಕಮ್ಮ ಒಂಟಿ. ಆ ಒಂಟಿತನವನ್ನು ಲೌಕಿಕವಾಗಿ ನೀಗಿಸುವ ಸಂಸ್ಥೆ ಯಾವುದು ಎಂಬಲ್ಲಿಂದ ಆಧುನಿಕ ಸಂಘಟನೆಯ ವಿಚಾರ ಆರಂಭವಾಗುತ್ತದೆ.

ಸಂಘದ ಸ್ವರೂಪ

ಸ್ತ್ರೀಯರ ಸ್ಥಾನಮಾನದಲ್ಲಿ ಮೂಲಭೂತ ಬದಲಾವಣೆ ತರುವ ಸಾಧನವಾಗಿ ಶಿಕ್ಷಣವನ್ನು ಬಳಸಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿ ಘೋಷಿಸಿತು. ಇದರ ಫಲವಾಗಿ 1989ರಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನೊಡನೆ ಕರ್ನಾಟಕ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ ಮಹಿಳಾ ಸಮಖ್ಯಾ ಆರಂಭಗೊಂಡಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದವು ಬೀದರ್, ವಿಜಾಪುರ ಮತ್ತು ಮೈಸೂರು ಜಿಲ್ಲೆಗಳು. ಅಂದಿನ ಮೈಸೂರು ಜಿಲ್ಲೆಯಲ್ಲಿ ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳೂ ಸೇರಿದ್ದವು. ಶ್ರೀಲತಾ ಬಾಟ್ಲಿವಾಲಾ ಅವರು ರಾಜ್ಯದ ಮೊದಲ ಕಾರ್ಯಕ್ರಮ ನಿರ್ದೇಶಕರಾಗಿದ್ದರು.

ಈ ಕಾರ್ಯಕ್ರಮ ಸವಲತ್ತು ಹಂಚುವ ಯೋಜನೆಯಾಗಿರಲಿಲ್ಲ. ಇಷ್ಟು ಜನರಿಗೆ ಇಷ್ಟು ದಿನದಲ್ಲಿ ಅಕ್ಷರ ಕಲಿಸಬೇಕೆಂಬ ಗುರಿಯೂ ಅದಕ್ಕಿರಲಿಲ್ಲ. ಸುಮಾರು ಹತ್ತು ಹಳ್ಳಿಗಳಿಗೆ ಒಬ್ಬ ಸಹಯೋಗಿನಿ ಇರುತ್ತಿದ್ದಳು. ಆಕೆ ಹಳ್ಳಿಯ ಬಡ ಹೆಣ್ಣುಮಕ್ಕಳನ್ನು, ವಿಶೇಷವಾಗಿ ದಲಿತ ಮತ್ತು ಕೂಲಿಕಾರ ಮಹಿಳೆಯರನ್ನು, ಒಂದೆಡೆ ಸೇರಿಸುತ್ತಿದ್ದಳು. ಸಂಘದಲ್ಲಿ ಮೊದಲು ಚರ್ಚೆಗೆ ಬಂದವು ಕುಡಿಯುವ ನೀರು, ಪಡಿತರ, ಕೂಲಿ, ಮಕ್ಕಳ ಪಾಲನೆ, ಕುಡಿತದಂಥ ಸಂಗತಿಗಳು. ಅರ್ಜಿ ಬರೆಯುವ, ಲೆಕ್ಕ ನೋಡುವ, ರುಜು ಹಾಕುವ ಅಗತ್ಯ ಎದುರಾದಾಗ ಸಾಕ್ಷರತೆ ಬೇಡಿಕೆಯಾಗಿ ಮೂಡಿತು. ಅಕ್ಷರದಿಂದ ಅರಿವಿಗೆ ಎಂಬ ರೂಢಿಯ ಕ್ರಮ ಇಲ್ಲಿ ತಿರುವುಮುರುವಾಯಿತು.

ಹಾಡು, ಚಿತ್ರ, ಅಭಿನಯ, ಅನುಭವ ಕಥನ ಇವು ಸಂಘದ ಸಭೆಗಳ ಮುಖ್ಯ ಸಾಧನಗಳಾಗಿದ್ದುವು. ಮೌಖಿಕತೆಯನ್ನು ಅಜ್ಞಾನವೆಂದು ಬಗೆಯದೆ ಕಲಿಕೆಯ ಮಾರ್ಗವೆಂದು ಸ್ವೀಕರಿಸಿದುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹ. ಎರಡು ನುಡಿಗಳ ನಡುವೆ ಬದುಕುವ ಮಾರ್ಟಳ್ಳಿಯಂಥ ಊರಿಗೆ ಈ ಕ್ರಮ ವಿಶೇಷವಾಗಿ ಹೊಂದುವಂಥದು. ಮನೆಮಾತಿನಲ್ಲಿ ಆರಂಭವಾದ ಚರ್ಚೆ ಕಚೇರಿಯ ಭಾಷೆಗೆ ದಾಟಲು ಗುಂಪಿನ ನೆರವಿರುತ್ತದೆ. ಶಾಲೆ ಬಿಟ್ಟ ಹುಡುಗಿಯರಿಗಾಗಿ ವಸತಿಸಹಿತ ಮಹಿಳಾ ಶಿಕ್ಷಣ ಕೇಂದ್ರಗಳನ್ನು ನಡೆಸಿದುದೂ ಈ ಕಾರ್ಯಕ್ರಮದ ಮುಖ್ಯ ಕೆಲಸಗಳಲ್ಲೊಂದು.

ದುಡಿಮೆಯ ನೆಲೆ

ಶಿಕ್ಷಣದ ಈ ಪ್ರಯೋಗಕ್ಕೂ ದುಡಿಮೆಯ ಹಕ್ಕಿಗೂ ನಿಕಟ ಸಂಬಂಧವಿದೆ. ಮಹಿಳಾ ಸಮಖ್ಯಾಕ್ಕೆ ಪೂರ್ವದಲ್ಲಿ, 1984ರಲ್ಲಿ, ರಾಜಸ್ಥಾನದಲ್ಲಿ ಮಹಿಳಾ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಗಿತ್ತು. ಅದರಲ್ಲಿ ‘ಸಾಥಿನ್’ ಆಗಿದ್ದ ಭಂವರಿ ದೇವಿ ಬಾಲ್ಯವಿವಾಹವನ್ನು ತಡೆಯಲು ಯತ್ನಿಸಿದ ಕಾರಣಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. ಈ ಘಟನೆಯ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ವಿಶಾಖಾ ಮಾರ್ಗಸೂಚಿಗಳನ್ನು ನೀಡಿತು. 2013ರಲ್ಲಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯ್ದೆ ಬಂದಿತು. ಇಂದು ನಗರದ ಕಚೇರಿಗಳಿಗೆ ರಕ್ಷಣೆಯಾಗಿರುವ ಕಾನೂನಿನ ಮೂಲದಲ್ಲಿ ಹಳ್ಳಿಯನ್ನೇ ಕಾರ್ಯಕ್ಷೇತ್ರವಾಗಿಸಿಕೊಂಡ ಒಬ್ಬ ಬಡ ಕಾರ್ಯಕರ್ತೆಯಿದ್ದಾರೆ.

ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ದುಡಿಯುವವರೂ ಮನೆಗೆಲಸದವರೂ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದೆಂದು ಈ ಕಾಯ್ದೆ ಹೇಳುತ್ತದೆ. ದೂರು ಲಿಖಿತವಾಗಿರಬೇಕು, ಬರೆಯಲಾಗದವರಿಗೆ ಸಮಿತಿ ನೆರವಾಗಬೇಕು. ಆದರೆ ಹೊಲದ ಕೂಲಿಯವಳು ಆ ಸಮಿತಿಯವರೆಗೆ ತಲುಪುವ ದಾರಿ ಯಾವುದು? ದೂರು ಬರೆಯುವುದಕ್ಕೂ ಮೊದಲು ಅದನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಆಕೆಗೆ ಜೊತೆ ಬೇಕು. ಸಂಘ ಒದಗಿಸುತ್ತಿದ್ದುದು ಆ ಜೊತೆಯನ್ನು.

ಮಿತಿ ಮತ್ತು ಮುಕ್ತಾಯ

ಮಹಿಳಾ ಸಮಖ್ಯಾ ದೋಷಮುಕ್ತವಾಗಿತ್ತೆಂದಲ್ಲ. ಸಮಾನ ದುಡಿಮೆಗೆ ಸಮಾನ ಫಲವೆಂದು ಸಾರಿದ ಕಾರ್ಯಕ್ರಮದ ಕಾರ್ಯಕರ್ತೆಯರೇ ಕಾಯಂ ನೌಕರಿಯಿಲ್ಲದೆ ಗೌರವಧನದ ಮೇಲೆ ದುಡಿದರು. ಸರ್ಕಾರದ ಹಣದಿಂದ ನಡೆಯುವ ಸಂಘಟನೆ ಸರ್ಕಾರವನ್ನು ಎಷ್ಟರಮಟ್ಟಿಗೆ ಪ್ರಶ್ನಿಸಬಲ್ಲುದೆಂಬ ಸಂದಿಗ್ಧವೂ ಅದನ್ನು ಕಾಡಿತು. 2016ರಲ್ಲಿ ಕೇಂದ್ರದ ಅನುದಾನ ನಿಂತಿತು. ಸಂಘಗಳು ಜೀವನೋಪಾಯ ಅಭಿಯಾನದಲ್ಲಿ ಸೇರಬೇಕೆಂಬುದು ನೀತಿಯಾಯಿತು. ಕರ್ನಾಟಕದಲ್ಲಿ 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳು ಆ ವೇಳೆಗಾಗಲೇ ಹಳ್ಳಿಹಳ್ಳಿಗೆ ಹರಡಿದ್ದುವು.

ಉಳಿತಾಯ ಮತ್ತು ಸಾಲ ಹೆಣ್ಣಿನ ಕೈಗೆ ಹಣ ತಂದುವು. ಅದು ಸಣ್ಣ ಸಾಧನೆಯಲ್ಲ. ಆದರೆ ಸಭೆಯ ಹೊತ್ತೆಲ್ಲ ಕಂತು, ಬಡ್ಡಿ, ಲೆಕ್ಕಗಳಲ್ಲಿ ಕಳೆದಾಗ ನೋವನ್ನು ಹೇಳಿಕೊಳ್ಳುವ, ಪ್ರಶ್ನೆ ಕೇಳುವ ಅವಕಾಶ ಕಿರಿದಾಗುತ್ತದೆ. ಸಾಲದ ಗುಂಪು ಸಾಲ ತೀರಿಸಬಲ್ಲವಳನ್ನು ಅರಸುತ್ತದೆ. ಕಲಿಕೆಯ ಸಂಘ ಮಾತು ಕಳೆದುಕೊಂಡವಳನ್ನು ಅರಸುತ್ತಿತ್ತು. ಈ ವ್ಯತ್ಯಾಸವನ್ನು ಮುಂದಿನ ಯೋಜನೆಗಳು ಗಮನಿಸಬೇಕಾಗಿದೆ. ಈಗಿರುವ ಗುಂಪುಗಳ ಸಭೆಯಲ್ಲಿಯೇ ಲೆಕ್ಕ ಮುಗಿದ ಮೇಲೆ ಒಂದಷ್ಟು ಹೊತ್ತನ್ನು ಕೂಲಿ, ಶಾಲೆ, ಹಿಂಸೆಗಳ ಮಾತಿಗೆ, ಅದೂ ಆಯಾ ಊರಿನ ಮನೆಮಾತಿನಲ್ಲಿ, ಮೀಸಲಿಡುವುದು ಅಸಾಧ್ಯವೇನಲ್ಲ. ಸಂಕಮ್ಮನ ನಿರಾಕರಣೆಯನ್ನು ತಲೆಮಾರುಗಳಿಂದ ಹಾಡುತ್ತ ಬಂದ ಸೀಮೆಯಲ್ಲಿ ಇಂದಿನ ಹೆಣ್ಣು ಒಂಟಿಯಾಗಿ ನಿರಾಕರಿಸಬೇಕಾದ ಸ್ಥಿತಿ ಉಳಿಯಬಾರದು.