ಮಹಡಿ ಮೇಲೆ ಕಾರು ಜಾರಿತು!

ತಾಜಸುಲ್ತಾನಪುರ: ಸಂಜೆ ಏಳರ ಸುಮಾರು. ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತಿದ್ದರು. ಮೇಲಿನ ಕೋಣೆಯಿಂದ 'ಕಿರ್‍ರ್' ಎಂದು ಟೈರು ಉಜ್ಜುವ ಸದ್ದು! ಹೊಸ ಗಿರಾಕಿಯೊಬ್ಬರು ಬೆಚ್ಚಿ ಬೀದಿ ಕಡೆ ನೋಡಿದರು. ಅಲ್ಲಿ ಕಾರೂ ಇಲ್ಲ, ಗೀರೂ ಇಲ್ಲ.

"ನಮ್ಮ ಹುಡುಗನ ಆಟ ಅದು, ಬಿಡ್ರಿ. ಮೂರು ತಿಂಗಳಾತು, ಕಾರು ಜಾರ್ಸೋದು ಕಲೀಲಿಕತ್ತಾನ. ಓಡ್ಸೋದಲ್ಲ, ಜಾರ್ಸೋದು!" ಎಂದರು ಮಾಲಕರು.

ಮೆಟ್ಟಿಲು ಹತ್ತಿದೆವು. ಪಿಯುಸಿ ಓದುವ 16ರ ಹುಡುಗ. ಮುಂದೆ ಕಂಪ್ಯೂಟರು, ಮೇಜಿಗೆ ಬಿಗಿದ ಸ್ಟೇರಿಂಗು, ಕಾಲಡಿ ಮೂರು ಪೆಡಲು. ಆಟದ ಹೆಸರು 'ಅಸೆಟ್ಟೊ ಕೊರ್ಸಾ'. ಇಟಲಿಯ ಕುನೋಸ್ ಕಂಪನಿ 2014ರಲ್ಲಿ ಹೊರತಂದದ್ದು. ಟೈರಿನ ಹಿಡಿತ, ಕಾರಿನ ಭಾರ ಎಲ್ಲವನ್ನೂ ನಿಜದ ಹಾಗೇ ಲೆಕ್ಕ ಹಾಕುತ್ತದೆ.

ಮಳೆಗಾಲದಲ್ಲಿ ನಮ್ಮ ಎರಿಹೊಲದ ದಾರಿಯಲ್ಲಿ ಗಾಡಿಯ ಹಿಂಗಾಲಿ ಪಕ್ಕಕ್ಕೆ ಜಾರುವುದು ಯಾರಿಗೆ ಗೊತ್ತಿಲ್ಲ? ಅದನ್ನೇ ಬೇಕೆಂದು ಮಾಡಿ, ಹಿಡಿತ ತಪ್ಪದಂತೆ ತಿರುವು ದಾಟಿದರೆ ಅದಕ್ಕೆ 'ಡ್ರಿಫ್ಟ್' ಎನ್ನುತ್ತಾರೆ. ಜಪಾನಿನ ಘಾಟ್ ರಸ್ತೆಗಳಲ್ಲಿ ಬೆಳೆದ ವಿದ್ಯೆ. ಅಲ್ಲಿನ ಕೇಯಿಚಿ ತ್ಸುಚಿಯ ಇದರಿಂದಲೇ ಲೋಕಕ್ಕೆಲ್ಲ ಹೆಸರಾದ.

"ಹ್ಯಾಂಗ ಮಾಡ್ತಿ ತಮ್ಮಾ?"

"ಎಂಜಿನ್ ಹಿಂದಿನ ಗಾಲಿ ತಿರುಗಿಸೋ ಕಾರೇ ಬೇಕು ಕಾಕಾ. ಎರಡನೇ ಗೇರು. ತಿರುವಿನಾಗ ಹ್ಯಾಂಡ್‌ಬ್ರೇಕ್ ಜಗ್ಗಿದ್ರ ಹಿಂಭಾಗ ಹೊರಗ ಜಾರ್ತದ. ಅದು ಜಾರೋ ಕಡೀಗೇ ಸ್ಟೇರಿಂಗ್ ಹೊಳ್ಳಿಸ್ಬೇಕು. ಎಕ್ಸಲೇಟರ್ ಪೂರಾ ಬಿಟ್ರ ಕಾರು ನೆಟ್ಟಗಾಗ್ತದ, ಪೂರಾ ಒತ್ತಿದ್ರ ಬುಗುರಿ!"

ಹಳೆಯ ಅಂಬಾಸಡರ್, ಪದ್ಮಿನಿ ಹಾಗೆ ಹಿಂಗಾಲಿಯ ಕಾರುಗಳು. 1983ರಲ್ಲಿ ಬಂದ ಮಾರುತಿ 800 ಮುಂಗಾಲಿಯದು. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಅದರದೇ ಜಾತಿ.

ನಾವೂ ಕೂತೆವು. ಮೊದಲ ತಿರುವಿಗೇ ಬುಗುರಿ. ಎರಡನೆಯದಕ್ಕೆ ಗೋಡೆ. ಹತ್ತನೆಯದಕ್ಕೂ ಗೋಡೆ!

"ಗಟ್ಟಿ ಹಿಡೀಬ್ಯಾಡ್ರಿ ಕಾಕಾ, ಸಡಲ ಬಿಡ್ರಿ, ಸ್ಟೇರಿಂಗ್ ತಾನೇ ತಿರುಗ್ತದ. ಕಣ್ಣು ಗ್ವಾಡಿ ಮ್ಯಾಲ ಬ್ಯಾಡ, ಹೋಗೋ ಕಡೆ ಇಡ್ರಿ."

ಪಿಯುಸಿ ಅರ್ಧಕ್ಕೇ ಬಿಟ್ಟ ನಮಗೆ ಪಾಠವೊಂದು ಇಷ್ಟು ಸಲೀಸಾಗಿ ತಲೆಗಿಳಿದದ್ದು ಇದೇ ಮೊದಲು.

ಆದರೆ ಮಾಲಕರ ಚಿಂತೆ ಬೇರೆ. ಅಂಗಡಿ ಮುಂದೆ ಸಾಮಾನು ತರುವ ಬೊಲೆರೊ ನಿಂತಿದೆ. ಅದೂ ಹಿಂಗಾಲಿಯದೇ. "ರಾತ್ರಿ ರಿಂಗ್ ರೋಡಿಗೆ ತಾ, ನೋಡೂಣು" ಎಂದು ಮಗನ ಗೆಳೆಯರು ಚುಚ್ಚುತ್ತಾರಂತೆ. ಕೀಲಿಕೈ ಈಗ ಗಲ್ಲಾದಲ್ಲಿ, ಗಲ್ಲಾಕ್ಕೆ ಬೀಗ.

ಚಿಂತೆ ಸುಳ್ಳಲ್ಲ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 199ಎ ಕಲಂ ಸೇರಿದೆ. 18 ತುಂಬದ ಹುಡುಗ ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಗಾಡಿ ಮಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವತನಕ ಲೈಸೆನ್ಸಿಲ್ಲ. ಇದು ಬರೀ ಕಾನೂನಿನ ಮಾತು. ಜೀವದ ಮಾತು ಬೇರೆ.

ಹುಡುಗನನ್ನೇ ಕೇಳಿದೆವು. ನಕ್ಕ.

"ಅಪ್ಪಾ ಸುಮ್ನ ಅಂಜ್ತಾನ ಕಾಕಾ. ಇದರಾಗ ನಾ ಸಾವಿರ ಸಲ ಗ್ವಾಡಿಗಿ ಹೊಡದೀನಿ. ಒಂದು ಬಟನ್ ಒತ್ತಿದ್ರ ಕಾರು ಹೊಸಾದು. ರಿಂಗ್ ರೋಡಿನಾಗ ಆ ಬಟನ್ ಎಲ್ಲದ? ಬೊಲೆರೊ ಎತ್ತರದ ಗಾಡಿ. ಜಾರೋಕಿಂತ ಮೊದಲು ಮಗಚ್ತದ."

ಕೆಳಗಿಳಿದು ಈ ಮಾತನ್ನು ಹಾಗೇ ಮಾಲಕರಿಗೆ ಹೇಳಿದೆವು. ಅವರು ಏನೂ ಅನ್ನಲಿಲ್ಲ. ಗಲ್ಲಾದ ಬೀಗ ತೆಗೆದು, ಕೀಲಿಕೈಯನ್ನು ಮೊದಲಿನ ಹಾಗೆ ಗೋಡೆಯ ಮೊಳೆಗೆ ತೂಗುಹಾಕಿದರು.