ಕಪ್ಪು ಪರದೆ ಮತ್ತು ಮುಂಬಯಿಯ ರಂಗಭೂಮಿ

ಸಂಸ್ಕೃತದ ‘ಯವನಿಕಾ’, ಹಳಗನ್ನಡದ ‘ಜವನಿಕೆ’, ಯಕ್ಷಗಾನದ ‘ತೆರೆ’ – ಈ ಮಾತುಗಳು ನಮ್ಮ ರಂಗಪರಂಪರೆಯಲ್ಲಿ ಪರದೆಗಿರುವ ಪ್ರಾಚೀನ ಸ್ಥಾನವನ್ನು ಸೂಚಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಪಾರ್ಸಿ ನಾಟಕ ಮಂಡಳಿಗಳು ಅರಮನೆ, ಕಾಡು, ಬೀದಿಗಳನ್ನು ಚಿತ್ರಿಸಿದ ಪರದೆಗಳನ್ನು ಪ್ರಚಾರಕ್ಕೆ ತಂದವು. ಕನ್ನಡದ ವೃತ್ತಿನಾಟಕ ಕಂಪನಿಗಳೂ ಈ ಪದ್ಧತಿಯನ್ನು ಮೈಗೂಡಿಸಿಕೊಂಡವು. ಅಲ್ಲಿ ಸ್ಥಳವನ್ನು ಪರದೆಯೇ ಹೇಳುತ್ತಿತ್ತು. ಕಪ್ಪು ಪರದೆಯದು ಇದಕ್ಕೆ ವಿರುದ್ಧವಾದ ಕ್ರಮ. ಅದು ಏನನ್ನೂ ಹೇಳುವುದಿಲ್ಲ. ಹೇಳುವ ಹೊಣೆಯನ್ನು ನಟನ ಮಾತಿಗೂ ದೀಪದ ಬೆಳಕಿಗೂ ಒಪ್ಪಿಸುತ್ತದೆ.

ಈ ಪರದೆಯ ಕೆಲಸ ಮೂರು ಬಗೆಯದು. ಹಿಂಬದಿಯದು ಗೋಡೆಯನ್ನು ಮರೆಸುತ್ತದೆ; ಪಕ್ಕದವು ಪ್ರವೇಶಕ್ಕೆ ಕಾದಿರುವ ನಟರನ್ನು ಮರೆಮಾಡುತ್ತವೆ; ಮೇಲಿನ ಅಡ್ಡಪಟ್ಟಿಗಳು ದೀಪಗಳನ್ನು ಮರೆಸುತ್ತವೆ. ದಪ್ಪ ಮಖಮಲ್ಲಿನ ಎಳೆಗಳು ಬೆಳಕನ್ನು ಹೀರುತ್ತವೆ. ಬಟ್ಟೆಯನ್ನು ಬೇಕಾದ ಅಗಲಕ್ಕಿಂತ ಹೆಚ್ಚಾಗಿ ತೆಗೆದುಕೊಂಡು ನೆರಿಗೆ ಹಿಡಿದರೆ ಚೆದುರಿದ ಬೆಳಕೂ ಮಡಿಕೆಗಳಲ್ಲಿ ಅಡಗುತ್ತದೆ. ತೆಳುವಾದ ಹೊಳಪಿನ ಬಟ್ಟೆ ಕಪ್ಪಾಗಿದ್ದರೂ ಬೆಳಕನ್ನು ಹಿಂದಿರುಗಿಸುವುದರಿಂದ ಕತ್ತಲೆ ಪೂರ್ಣವಾಗುವುದಿಲ್ಲ.

ಮುಂಬಯಿಯಲ್ಲಿ ಈ ಪರದೆಯ ಅಗತ್ಯಕ್ಕೆ ಸ್ಥಳಾಭಾವವೂ ಒಂದು ಕಾರಣ. ದಾದರಿನ ಛಬಿಲದಾಸ್ ಶಾಲೆಯ ಸಭಾಂಗಣದಲ್ಲಿ 1974ರಿಂದ ‘ಆವಿಷ್ಕಾರ’ ತಂಡವು ಪ್ರಾಯೋಗಿಕ ರಂಗಭೂಮಿಗೆ ನೆಲೆ ಒದಗಿಸಿತು. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ ಇವುಗಳ ಸಭಾಗೃಹಗಳು ಕನ್ನಡ ನಾಟಕಗಳಿಗೆ ಆಸರೆಯಾದವು. ಭಾಷಣಕ್ಕೂ ಸಂಗೀತಕ್ಕೂ ಬಳಕೆಯಾಗುವ ವೇದಿಕೆಯನ್ನು ಅಲ್ಪ ವೆಚ್ಚದಲ್ಲಿ ನಾಟಕದ ಲೋಕವಾಗಿಸಲು ಕಪ್ಪು ಪರದೆಗಿಂತ ಸುಲಭವಾದ ಸಾಧನವಿಲ್ಲ. 1978ರಲ್ಲಿ ಜುಹೂವಿನಲ್ಲಿ ಆರಂಭವಾದ ಪೃಥ್ವಿ ಥಿಯೇಟರಿನಲ್ಲಿ ಪ್ರೇಕ್ಷಕರು ಮೂರು ಕಡೆ ಕುಳಿತುಕೊಳ್ಳುವುದರಿಂದ ಮುಂಪರದೆಗೆ ಎಡೆಯಿಲ್ಲ. ದೀಪವಾರಿಸುವುದೇ ಅಲ್ಲಿ ತೆರೆ ಬೀಳುವುದಕ್ಕೆ ಸಮಾನ.

ಆದರೆ ಈ ಪರದೆಯನ್ನು ಕುರಿತು ಎಚ್ಚರವೂ ಬೇಕು. 1903ರಲ್ಲಿ ಚಿಕಾಗೋದ ಇರೊಕ್ವಾಯ್ ರಂಗಮಂದಿರದಲ್ಲಿ ದೀಪದ ಕಿಡಿಯಿಂದ ರಂಗದ ಪರದೆಗೆ ಬೆಂಕಿ ತಗುಲಿ ಸುಮಾರು 600 ಮಂದಿ ಮಡಿದರು. ಹತ್ತಿಬಟ್ಟೆಗೆ ಲೇಪಿಸುವ ಅಗ್ನಿನಿರೋಧಕ ಲವಣಗಳು ಸಾಮಾನ್ಯವಾಗಿ ನೀರಿನಲ್ಲಿ ಕರಗತಕ್ಕವು. ಒಗೆದ ಪರದೆಗೆ ಮತ್ತೆ ಲೇಪ ಕೊಡದಿದ್ದರೆ ರಕ್ಷಣೆ ಉಳಿಯದು. ಮುಂಬಯಿಯ ಮಳೆಗಾಲದ ತೇವವು ಬಟ್ಟೆಯನ್ನು ಬೂಷ್ಟು ಹಿಡಿಸುವುದರಿಂದ ಒಗೆಯುವುದು ಅನಿವಾರ್ಯವಾಗುತ್ತದೆ. ಹೀಗಾಗಿ ಈ ಎಚ್ಚರ ಇಲ್ಲಿ ಇನ್ನೂ ಮುಖ್ಯ.

ಇನ್ನೊಂದು ಅಪಾಯ ಅಭ್ಯಾಸಬಲದ್ದು. ಎಲ್ಲ ನಾಟಕಗಳಿಗೂ ಅದೇ ಕಪ್ಪು ಹಿನ್ನೆಲೆಯಾದಾಗ ಅದು ಅರ್ಥವನ್ನು ಕಳೆದುಕೊಂಡು ಕೇವಲ ಅನುಕೂಲವಾಗುತ್ತದೆ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಯಕ್ಷಗಾನದ ಮಾದರಿಯ ಅರ್ಧಪರದೆ ಮರಳಿ ಬಂದುದು ಈ ದೃಷ್ಟಿಯಿಂದ ಗಮನಾರ್ಹ. ಅಲ್ಲಿ ಪರದೆ ಮರೆಮಾಡುತ್ತಲೇ ತೋರಿಸುತ್ತದೆ. ಮಾತನ್ನು ಮಾತ್ರವಲ್ಲದೆ ಅದರ ಹಿಂದೆ ತೂಗುವ ಬಟ್ಟೆಯನ್ನೂ ಪಠ್ಯದ ಭಾಗವೆಂದು ಓದಿದಾಗಲೇ ನಾಟಕದ ಅಧ್ಯಯನ ಪೂರ್ಣವಾಗುತ್ತದೆ.