ಹೃದಯದ ಔಷಧಿಯೂ ಮೂತ್ರಪಿಂಡಗಳೂ

ಬಳ್ಳಿಗಾವಿಯ ಕೋಡಿಯಮಠದಲ್ಲಿ ಅನಾಥ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತೆಂದು 1162ರ ಶಾಸನವು ತಿಳಿಸುತ್ತದೆ. ಔಷಧಿಯನ್ನು ಕೊಡುವುದಷ್ಟೇ ಅಲ್ಲ, ಅದು ದೇಹದಿಂದ ಹೊರಹೋಗುವ ಬಗೆಯನ್ನು ಅರಿಯುವುದೂ ಚಿಕಿತ್ಸೆಯ ಭಾಗವೇ ಆಗಿದೆ.

ಹೃದಯದ ಬಡಿತವು ತಾಳ ತಪ್ಪಿ ವೇಗವಾದಾಗ ವೈದ್ಯರು ಕೆಲವರಿಗೆ ಡಿಜಾಕ್ಸಿನ್ ಮಾತ್ರೆಯನ್ನು ಕೊಡುವುದುಂಟು. ಡಿಜಿಟಾಲಿಸ್ ಜಾತಿಯ ಗಿಡದಿಂದ 1930ರಲ್ಲಿ ಬೇರ್ಪಡಿಸಲಾದ ಈ ಔಷಧಿಯು ಬಡಿತವನ್ನು ನಿಧಾನಗೊಳಿಸುತ್ತದೆ. ಆದರೆ ಇದರ ಗುಣಕಾರಿ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಇರುವ ಅಂತರ ಬಹಳ ಕಿರಿದು.

ಈ ಔಷಧಿಯ ಹೆಚ್ಚಿನ ಭಾಗವನ್ನು ಹೊರಹಾಕುವುವು ಮೂತ್ರಪಿಂಡಗಳು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ರಕ್ತವು ಇವುಗಳಲ್ಲಿ ಹರಿಯುವಾಗ ಔಷಧಿಯು ರೂಪ ಬದಲಾಗದೆಯೇ ಸೋಸಿ ಮೂತ್ರವನ್ನು ಸೇರುತ್ತದೆ. ಮೂತ್ರಪಿಂಡಗಳು ಚೆನ್ನಾಗಿರುವವರಲ್ಲಿ ದೇಹದೊಳಗಿನ ಔಷಧಿಯ ಅರ್ಧಭಾಗವು 36ರಿಂದ 48 ಗಂಟೆಗಳಲ್ಲಿ ಹೊರಹೋಗುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರಲ್ಲಿ ಇದಕ್ಕೆ ಮೂರೂವರೆಯಿಂದ ಐದು ದಿನಗಳು ಬೇಕಾಗುತ್ತವೆ. ತೂಬು ಕಟ್ಟಿಕೊಂಡ ಕೆರೆಯಲ್ಲಿ ಒಳಹರಿವು ಹೆಚ್ಚದಿದ್ದರೂ ನೀರು ಏರುವಂತೆ, ದಿನವೂ ಅದೇ ಮಾತ್ರೆಯನ್ನು ಸೇವಿಸಿದರೂ ರಕ್ತದಲ್ಲಿ ಔಷಧಿ ಶೇಖರವಾಗುತ್ತದೆ.

ವೃದ್ಧಾಪ್ಯ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ವಾಂತಿಭೇದಿ ಇವುಗಳಿಂದ ಮೂತ್ರಪಿಂಡಗಳ ಶಕ್ತಿ ಕುಂದಬಹುದು. ಆದುದರಿಂದ ಮನೆಯಲ್ಲಿ ತಂದೆತಾಯಿಯರಾಗಲಿ ಅತ್ತೆಮಾವಂದಿರಾಗಲಿ ಈ ಮಾತ್ರೆಯನ್ನು ಸೇವಿಸುತ್ತಿದ್ದರೆ ದಂಪತಿಗಳಿಬ್ಬರೂ ಎಚ್ಚರದಿಂದಿರಬೇಕು. ಹಸಿವಿಲ್ಲದಿರುವುದು, ಓಕರಿಕೆ, ಕಣ್ಣಿಗೆ ಎಲ್ಲವೂ ಹಳದಿಯಾಗಿ ಕಾಣುವುದು, ನಾಡಿ ಅತಿ ನಿಧಾನವಾಗುವುದು ಇಲ್ಲವೇ ಏರುಪೇರಾಗುವುದು ಅಪಾಯದ ಚಿಹ್ನೆಗಳು. ಇವು ಕಂಡೊಡನೆ ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿರಿ.

ಮರೆತ ಮಾತ್ರೆಗೆ ಬದಲಾಗಿ ಒಮ್ಮೆಗೇ ಎರಡನ್ನು ಕೊಡಬೇಡಿ. ವೈದ್ಯರು ಸೂಚಿಸಿದ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಿರಿ.